ಬೊನವೆಂಚರನ ಬೆಸಾಂವ್

ರಾಯ್‌ನಲ್ಲಿ, ನಾವು ದುಡಿಯಲು ಬಂದ ಈ ಕೊಲ್ಲಿ ದೇಶದ ಒಂದು ಪೇಟೆಯಲ್ಲಿ, ಕಾರಿನ ಶೋರೂಮುಗಳ ಹಿಂಬದಿಯ ಗಲ್ಲಿಯಲ್ಲಿ, ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಒಂದು ವರ್ಕ್‌ಶಾಪ್ ಇದೆ. ಬೊನವೆಂಚರ್ ಡಿಮೆಲ್ಲೊ ಅಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ. ದೊಡ್ಡ ಕಚೇರಿಗಳು ಎಸೆದ ಯಂತ್ರಗಳು ಅವನ ಮೇಜಿಗೆ ಬರುತ್ತಿದ್ದವು. ಮುಚ್ಚಳ ಬಿಚ್ಚಿ, ಒಳಗೆ ಕೂತ ಮರಳನ್ನು ಊದಿ ತೆಗೆದು, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ತುಂಬಿ ಎಬ್ಬಿಸುತ್ತಿದ್ದ. ಲಿನಕ್ಸ್‌ಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಮುದಿ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ಕೊರೊನಾ ಕಾಲದಲ್ಲಿ ಪಾಠವೆಲ್ಲ ಪರದೆಯ ಮೇಲೆ ನಡೆದಾಗ ಮೈದಾನ್ ಹವಲ್ಲಿಯ ನಮ್ಮವರ ಎಷ್ಟೋ ಮಕ್ಕಳು ಅವನು ಎಬ್ಬಿಸಿ ಕೊಟ್ಟ ಕಂಪ್ಯೂಟರುಗಳಲ್ಲೇ ಓದಿದರು. ಲಿನಕ್ಸಿನ ಗುರುತು ಒಂದು ಪೆಂಗ್ವಿನ್ ಹಕ್ಕಿ, ಹಾಗಾಗಿ ಆ ಮಕ್ಕಳಿಗೆ ಅವನು ಪೆಂಗ್ವಿನ್ ಅಂಕಲ್. ನನಗೆ ಪೊರ್ಬು. ಕ್ರಿಶ್ಚಿಯನ್ ಗಂಡಸರನ್ನು ನಾವು ತುಳುವರು ಕರೆಯುವ ಹಳೆಯ ಮರ್ಯಾದೆಯ ಮಾತದು. ನಮ್ಮಿಬ್ಬರ ನಡುವೆ ಅದರಲ್ಲಿ ಮರ್ಯಾದೆ ಉಳಿದಿರಲಿಲ್ಲ, ಗೇಲಿ ಮಾತ್ರ ಇತ್ತು.

ಈ ಜೂನಿನಲ್ಲಿ ಅವನು ತೀರಿಕೊಂಡ. ಅದಕ್ಕೆ ಸ್ವಲ್ಪ ಮೊದಲು, ಮಗಳ ಮದುವೆಯ ದಿನ ನಡೆದದ್ದನ್ನು ಈಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ನಾನು ಅವನ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಕಂಡಷ್ಟನ್ನು ಬರೆದಿಡುತ್ತೇನೆ.

ನಾವು ಭೇಟಿಯಾದದ್ದು ಮೈದಾನ್ ಹವಲ್ಲಿಯ ಒಂದು ಬ್ಯಾಚುಲರ್ ಕೋಣೆಯಲ್ಲಿ. ಒಂದರ ಮೇಲೊಂದು ಮಂಚಗಳು. ಕೆಳಗೆ ನಾನು ಮತ್ತು ನನ್ನ ಪುಸ್ತಕದ ಕಟ್ಟು, ಮೇಲೆ ಅವನು, ಅವನ ಕಾಲಬುಡದಲ್ಲಿ ಹೊಟ್ಟೆ ಬಿಚ್ಚಿದ ಒಂದು ಕಂಪ್ಯೂಟರ್.

"ಪೊರ್ಬುಗಳೇ, ಈ ಗುಜರಿ ಹಾಸಿಗೆಯಿಂದ ಇಳಿಯುವುದು ಯಾವಾಗ?" ಎಂದು ಕೇಳಿದ್ದೆ.

"ಗುಜರಿ ಅಲ್ಲ ಮಾರಾಯ, ರೋಗಿ. ನಿನ್ನ ಪುಸ್ತಕದ ಕಟ್ಟು ಇಳಿದ ದಿವಸ ಇದೂ ಇಳಿಯುತ್ತದೆ."

ಎರಡೂ ಇಳಿಯಲಿಲ್ಲ. ಅವನಿಗೆ ಮದುವೆಯಾಗಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಫ್ರೀಡಾಬಾಯಿಯ ಜೊತೆ ಅದೇ ಬೀದಿಯಲ್ಲಿ ಫ್ಲ್ಯಾಟ್ ಹಿಡಿಯುವವರೆಗೂ ಇಬ್ಬರೂ ಹಾಗೆಯೇ ಮಲಗಿದೆವು.

ಅವನಿಗೊಂದು ಕಟ್ಟುಪಾಡಿತ್ತು. ತನ್ನ ಕೈಯಲ್ಲಿರುವ ಯಂತ್ರಗಳಿಗೆಲ್ಲ ಅವನು ಗುರುವಾರ ಸಂಜೆಯೇ ಅಪ್‌ಡೇಟ್ ಹಾಕುವುದು. ಇಲ್ಲಿ ಶುಕ್ರವಾರ, ಶನಿವಾರ ರಜೆ. "ಗುರುವಾರ ಹಾಳು ಮಾಡಿದರೆ ಶುಕ್ರವಾರ ಸರಿ ಮಾಡಬಹುದು. ಭಾನುವಾರ ಬೆಳಿಗ್ಗೆ ಗಿರಾಕಿಗೆ ಗೊತ್ತೇ ಆಗುವುದಿಲ್ಲ," ಎನ್ನುತ್ತಿದ್ದ. ಈಸ್ಟರಿನ ಮುಂಚಿನ ಪವಿತ್ರ ಗುರುವಾರವೂ ಇಗರ್ಜಿಯಿಂದ ನೇರ ವರ್ಕ್‌ಶಾಪಿಗೆ ಹೋಗಿ ಅಪ್‌ಡೇಟ್ ಹಾಕಿ ಬಂದವನು ಅವನು. ಫ್ರೀಡಾಬಾಯಿ ಎರಡು ದಿನ ಮಾತು ಬಿಟ್ಟಿದ್ದರು.

ಮೂರು ವರ್ಷದ ಹಿಂದೆ ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರತೊಡಗಿತು. ನಕ್ಕೆವು. ಆಮೇಲೆ ಚಹಾದ ಲೋಟ ಜಾರಿತು. ಡಾಕ್ಟರುಗಳು ಹೇಳಿದ ಹೆಸರು ಮೋಟಾರ್ ನ್ಯೂರಾನ್ ಕಾಯಿಲೆ. ಬುದ್ಧಿ ಪೂರ್ತಿ ಎಚ್ಚರವಿರುತ್ತದೆ, ಒಂದೊಂದೇ ಸ್ನಾಯು ಕೆಲಸ ಬಿಡುತ್ತದೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು. ಕಣ್ಣು ಎಲ್ಲಕ್ಕಿಂತ ತಡವಾಗಿ ಸೋಲುತ್ತದೆ. ಅವನ ಕಫೀಲ್, ಆ ವರ್ಕ್‌ಶಾಪಿನ ಮುದುಕ ಯಜಮಾನ, ಇಲ್ಲಿ ಉಳಿಯಲು ಬೇಕಾದ ಪರವಾನಗಿ ಇಕಾಮಾವನ್ನು ರದ್ದು ಮಾಡಲಿಲ್ಲ. ಮನೆಗೆ ಬಂದು ಹಾಸಿಗೆಯ ಪಕ್ಕ ಕೂತು, "ಬೋನಾ, ನೀನು ರಜೆಯಲ್ಲಿದ್ದೀಯ, ಅಷ್ಟೇ," ಎಂದು ಅರಬಿಯಲ್ಲಿ ಹೇಳಿ ಹೋದ.

ನಾಲಿಗೆ ತೊದಲುವ ಮೊದಲೇ ಬೋನ ತನ್ನ ಸ್ವರವನ್ನು ಕೂಡಿಡಲು ಹೊರಟ. ವರ್ಕ್‌ಶಾಪ್ ಮುಚ್ಚಿದ ಮೇಲೆ, ಸದ್ದು ಸೇರಬಾರದೆಂದು ಏಸಿ ಆರಿಸಿ, ಬೆವರಿಳಿಸುತ್ತ ಮೈಕಿನ ಮುಂದೆ ಓದುತ್ತಿದ್ದ. ಕೊಂಕಣಿ, ತುಳು, ಕನ್ನಡ. ಮಾತ್ರೆಯ ಚೀಟಿ, ಇಗರ್ಜಿಯ ಪತ್ರಿಕೆ, ನಾನು ತಂದುಕೊಟ್ಟ ಪುಸ್ತಕಗಳು, ಸಿಕ್ಕಿದ್ದೆಲ್ಲ.

"ನಿನ್ನ ಈ ಪುಸ್ತಕ ಓದಿದರೆ ನನ್ನ ಸ್ವರವೂ ನಿನ್ನ ಹಾಗೆ ಬೋರ್ ಹೊಡೆಸುತ್ತದೆ," ಎಂದು ಬೈಯುತ್ತಲೇ ಓದಿದ.

ಆ ಸ್ವರದ ಚೂರುಗಳನ್ನು ಜೋಡಿಸಿ, ಬರೆದ ಮಾತನ್ನು ಅವನದೇ ದನಿಯಲ್ಲಿ ಹೇಳುವಂತೆ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆಯನ್ನು ತಯಾರು ಮಾಡಿದ. ಹಾಸಿಗೆಯ ಮುಂದೆ ಪರದೆ. ಅದರ ಕೆಳಗೆ ಕಣ್ಣಿನ ಚಲನೆ ಹಿಡಿಯುವ ಒಂದು ಕ್ಯಾಮೆರಾ. ಪರದೆಯ ಮೇಲೆ ಯಾವ ಅಕ್ಷರವನ್ನು ನೋಡುತ್ತಾನೋ ಅದು ಮೂಡುತ್ತದೆ; ಬರೆದು ಮುಗಿಸಿ ಮೂಲೆಯ ಗುಂಡಿಯನ್ನು ನೋಡಿದರೆ ಪೆಟ್ಟಿಗೆ ಮಾತಾಡುತ್ತದೆ. ಮಂಗಳೂರಿನ ಕ್ರಿಶ್ಚಿಯನ್ನರು ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಬರೆಯುವವರು. ಒಂದೇ ಅಕ್ಷರಮಾಲೆಯಲ್ಲಿ ಹೆಂಡತಿಗೆ ಕೊಂಕಣಿ, ನನಗೆ ತುಳು. ಕಳೆದ ವರ್ಷ ಅವನ ಗಂಟಲು ಪೂರ್ತಿ ನಿಂತ ಮೇಲೆ ಅದೇ ಅವನ ಬಾಯಿ.

ಮಗಳು ಸೂಸನ್ ಹುಟ್ಟಿ ಬೆಳೆದದ್ದು ಇಲ್ಲೇ. ಓದಿಗೆಂದು ಮಂಗಳೂರಿಗೆ ಹೋದವಳು ಅಲ್ಲೇ ಕೆಲಸ ಹಿಡಿದು, ಶಿರ್ವದ ಕಡೆಯ ಶೇನ್ ಎಂಬ ಹುಡುಗನನ್ನು ಮೆಚ್ಚಿದಳು. ಅಪ್ಪನ ಸ್ಥಿತಿ ನೋಡಿ ಮದುವೆಯನ್ನು ಬೇಗನೆ, ಮೇ ತಿಂಗಳಿಗೇ ಇಟ್ಟುಕೊಂಡರು. ಉಸಿರಾಟದ ಯಂತ್ರದಲ್ಲಿರುವವನನ್ನು ವಿಮಾನಕ್ಕೆ ಹತ್ತಿಸಲು ಡಾಕ್ಟರ್ ಒಪ್ಪಲಿಲ್ಲ. ಫ್ರೀಡಾಬಾಯಿ ತಾನೂ ಹೋಗುವುದಿಲ್ಲ ಎಂದು ಕೂತರು. ಬೋನನ ಪೆಟ್ಟಿಗೆ ಮೂರು ದಿನ ಅವರೊಡನೆ ಜಗಳಾಡಿತು.

"ತಾಯಿಯೂ ಇಲ್ಲ, ತಂದೆಯೂ ಇಲ್ಲ ಅಂದರೆ ಹುಡುಗಿಯನ್ನು ಅನಾಥಾಶ್ರಮದಿಂದ ತಂದರು ಅಂತಾರೆ. ಹೋಗು. ಮೋನಪ್ಪ ಇದ್ದಾನಲ್ಲ, ಅವನಿಗೂ ಬೇರೆ ಕೆಲಸ ಇಲ್ಲ."

ನನಗೆ ಅರ್ದಿಯಾದ ಗೋದಾಮಿನಲ್ಲಿ ಸ್ಟೋರಿನ ಕೆಲಸವಿತ್ತು. ರಜೆ ಹಾಕಿ ಅವರ ಮನೆಗೆ ಬಂದು ಕೂತೆ. ಫ್ರೀಡಾಬಾಯಿಯ ಆಸ್ಪತ್ರೆಯಲ್ಲೇ ನರ್ಸ್ ಆಗಿರುವ ಅಲೋಶಿಯಸ್ ಬೆಳಿಗ್ಗೆ ಸಂಜೆ ಬಂದು ಅವನನ್ನು ಮಗ್ಗುಲು ಬದಲಿಸಿ, ಒರೆಸಿ, ಟ್ಯೂಬಿನಲ್ಲಿ ಆಹಾರ ಕೊಟ್ಟು ಹೋಗುತ್ತಿದ್ದ. ಫ್ರೀಡಾಬಾಯಿ ಬುಧವಾರದ ವಿಮಾನಕ್ಕೆ ಹೋದರು. ಶುಕ್ರವಾರ ಸಂಜೆ ರೋಸ್, ಅಂದರೆ ವಧುವಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಶನಿವಾರ ಮದುವೆ.

ಅವರಲ್ಲಿ ವಧು ಇಗರ್ಜಿಗೆ ಹೊರಡುವ ಮೊದಲು ತಂದೆತಾಯಿಯ ಮುಂದೆ ಮಂಡಿಯೂರಿ ಬೆಸಾಂವ್ ಬೇಡುತ್ತಾಳೆ. ಬೆಸಾಂವ್ ಎಂದರೆ ಆಶೀರ್ವಾದ. ತಂದೆ ಅದನ್ನು ತನ್ನ ಬಾಯಿಂದ ಹೇಳಬೇಕು. ವೀಡಿಯೋ ಕರೆಯಲ್ಲಿ ಅದನ್ನು ತನ್ನ ಸ್ವರದಲ್ಲೇ ಹೇಳುವುದಕ್ಕಾಗಿ ಬೋನ ಹದಿನೈದು ದಿನದಿಂದ ಕಣ್ಣಿನಲ್ಲಿ ಬರೆಯುತ್ತಿದ್ದ. ಬರೆಯುವುದು, ಅಳಿಸುವುದು. ನಾನು ಹತ್ತಿರ ಹೋದರೆ ಪರದೆಯನ್ನು ಖಾಲಿ ಮಾಡುತ್ತಿದ್ದ.

"ನಾನು ಓದಿದರೆ ಏನಾಗುತ್ತದೆ ಮಾರಾಯ?"

"ನೀನು ವ್ಯಾಕರಣ ತಿದ್ದುತ್ತೀ."

ಆ ಗುರುವಾರ ಸಂಜೆ ವೀಡಿಯೋ ಕರೆಯ ಪ್ರೋಗ್ರಾಂ ತೆರೆಯಲಿಲ್ಲ. ಹೊಸ ಆವೃತ್ತಿ ಬೇಕೆಂದು ಹಟ ಹಿಡಿಯಿತು. ಅದೊಂದನ್ನೇ ಹಾಕಿ ಬಿಡು ಎಂದೆ. ಅವನು ಒಪ್ಪಲಿಲ್ಲ.

"ಅರ್ಧ ಹಾಕಿದರೆ ಶನಿವಾರವೇ ಕೈ ಕೊಡುತ್ತದೆ. ಎಲ್ಲ ಹಾಕುವ. ಇವತ್ತು ಗುರುವಾರ."

ಡಿಸ್ಕಿನಲ್ಲಿ, ಯಂತ್ರ ಎದ್ದೇಳಲು ಬೇಕಾದ್ದನ್ನು ಇಡುವ ಭಾಗ ತೀರ ಚಿಕ್ಕದು. ಅದೂ ಅವನು ಎಲ್ಲಿಂದಲೋ ಬಿಚ್ಚಿ ತಂದ ಹಳೆಯ ಡಿಸ್ಕೇ. ಹೊಸ ಕರ್ನೆಲ್‌ಗೆ ಜಾಗ ಮಾಡಲು ಹಳೆಯದನ್ನು ತೆಗೆದು ಹಾಕಿದ. ಕರ್ನೆಲ್ ಎಂದರೆ ಇಡೀ ಯಂತ್ರವನ್ನು ನಡೆಸುವ ತಿರುಳು. ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಅವನ ಕಣ್ಣು ಅವುಗಳ ಹಿಂದೆಯೇ ಓಡುತ್ತಿತ್ತು. ಆಗ ಕಟ್ಟಡದ ಮೇನ್ ಟ್ರಿಪ್ ಆಯಿತು. ಮೇ ತಿಂಗಳ ಸೆಕೆ, ಪ್ರತಿ ಮನೆಯಲ್ಲೂ ಏಸಿ.

ಮನೆಯಲ್ಲಿದ್ದದ್ದು ಒಂದೇ ಯುಪಿಎಸ್. ಅದು ಉಸಿರಾಟದ ಯಂತ್ರಕ್ಕೆ. ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸುವ ಎಂದು ಫ್ರೀಡಾಬಾಯಿ ಎಂದೋ ಕೇಳಿದಾಗ, ಹೊರೆ ಹೆಚ್ಚಾದರೆ ಉಸಿರೂ ಹೋಗುತ್ತದೆ ಎಂದು ಬೇಡ ಎಂದವನು ಅವನೇ. ಹಾಗಾಗಿ ಕತ್ತಲಲ್ಲಿ ಉಸಿರಾಟದ ಯಂತ್ರ ಉಸ್ಸೆನ್ನುತ್ತಲೇ ಇತ್ತು. ಪರದೆ ಮಾತ್ರ ಕಪ್ಪಾಗಿತ್ತು.

ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ, ಕೆಳಗೆ ಸ್ವಿಚ್ ಎತ್ತಿದ. ದೀಪ ಬಂತು. ಪೆಟ್ಟಿಗೆ ಶುರುವಾಗಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳ ಒಂದು ರಾಶಿ, ಕೊನೆಯಲ್ಲಿ ಕರ್ನೆಲ್ ಪ್ಯಾನಿಕ್ ಎಂಬ ಸಾಲು. ಆರಿಸಿ ಹಾಕಿದರೂ ಅದೇ.

ನಾನು ಬೋನನ ಮುಖ ನೋಡಿದೆ. ಸ್ನಾಯುವಿಲ್ಲದ ಮುಖದಲ್ಲಿ ಏನೂ ಕಾಣುವುದಿಲ್ಲ. ಕಣ್ಣಿನಿಂದ ನೀರು ಇಳಿಯಿತು. ಒರೆಸಿದೆ. ರಿಪೇರಿ ಗೊತ್ತಿದ್ದವನೊಬ್ಬನೇ ಆ ಕೋಣೆಯಲ್ಲಿ ಮಾತಿಲ್ಲದವನಾಗಿದ್ದ.

ಪೆಟ್ಟಿಗೆ ಆರಿಸಿದ್ದ ಹೊತ್ತಿನಲ್ಲಿ ಅವನೊಡನೆ ನಾವು ಮಾತಾಡುತ್ತಿದ್ದ ಒಂದು ಕ್ರಮವಿತ್ತು. ಒಮ್ಮೆ ರೆಪ್ಪೆ ಮುಚ್ಚಿದರೆ ಹೌದು. ಕಣ್ಣು ಎಡಕ್ಕೆ ಹೊರಳಿದರೆ ಅಲ್ಲ. ಪದ ಬೇಕಾದರೆ ಒಂದನೇ ಕ್ಲಾಸಿನ ಹಾಗೆ ವರ್ಗ ಹೇಳುವುದು: ಸ್ವರವಾ, ಕ ಸಾಲಾ, ಚ ಸಾಲಾ, ಟ ಸಾಲಾ. ರೆಪ್ಪೆ ಮುಚ್ಚಿದ ಸಾಲಿನಲ್ಲಿ ಒಂದೊಂದೇ ಅಕ್ಷರ. ನಿಧಾನ, ಆದರೆ ನಡೆಯುತ್ತಿತ್ತು. ಶುಕ್ರವಾರ ಬೆಳಿಗ್ಗೆ ಅಲೋಶಿಯಸ್ ಬಂದು ಹೋದ ಮೇಲೆ ಅದನ್ನೇ ಹಿಡಿದು ಕೂತೆವು. ಅವನು ಹೇಳಿದ ಮೊದಲ ಪದ "ಪೆನ್".

"ಪೆನ್ನು ಬೇಕಾ? ಬರೆಯಲಿಕ್ಕಾ?"

ಕಣ್ಣು ಎಡಕ್ಕೆ.

"ಪೆನ್‌ಡ್ರೈವ್!"

ರೆಪ್ಪೆ ಮುಚ್ಚಿತು. ಇಷ್ಟು ದಡ್ಡನಾ ನೀನು ಎಂಬಂತೆ ಸ್ವಲ್ಪ ಹೊತ್ತು ಮುಚ್ಚಿಯೇ ಇತ್ತು.

ಕೆಳಗಿನ ಬೀದಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸಾಬಿತ್ ಉಳ್ಳಾಲದ ಬ್ಯಾರಿ. ಜುಮ್ಮಾ ನಮಾಜು ಮುಗಿಸಿದವನೇ ಅಂಗಡಿಯ ಶಟರ್ ಎತ್ತಿ, ನಾನು ಹೇಳಿದಂತೆ ಪೆನ್‌ಡ್ರೈವ್‌ಗೆ ಲಿನಕ್ಸ್ ತುಂಬಿಕೊಂಡು ಮೇಲೆ ಬಂದ. ಪರದೆ ನೋಡಿ ಅವನಿಗೆ ದೊಡ್ಡ ವಿಷಯ ಅನಿಸಲಿಲ್ಲ.

"ಇದಕ್ಕೆ ಯಾಕೆ ಮೋನಪ್ಪಣ್ಣ ಇಷ್ಟು ಟೆನ್ಷನ್? ಫಾರ್ಮ್ಯಾಟ್ ಹೊಡೆದು ಹೊಸದು ಹಾಕುವ. ಅರ್ಧ ಗಂಟೆ, ಖಲಾಸ್."

ಬೋನನ ಕಣ್ಣು ಎಡಕ್ಕೆ ಹೋಯಿತು. ತಿರುಗಿ ಬಂದು ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ.

"ಅವನ ಮಾತು ಅದರೊಳಗೆ ಉಂಟು ಮಾರಾಯ," ಎಂದೆ.

ಸ್ವರದ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿತ್ತು, ನಿಜ. ಆದರೆ ಕಣ್ಣು, ಅಕ್ಷರ, ಸ್ವರ ಮೂರನ್ನೂ ಒಂದಕ್ಕೊಂದು ಪೋಣಿಸಿದ್ದು ಅವನು, ಬೆರಳುಗಳಿದ್ದಾಗ, ತಿಂಗಳುಗಟ್ಟಲೆ ಕೂತು. ಇನ್ನೊಮ್ಮೆ ಪೋಣಿಸಲು ಆ ಬೆರಳುಗಳಿರಲಿಲ್ಲ.

ಸಾಬಿತ್ ಕೈ ಹಿಂದಕ್ಕೆ ತೆಗೆದುಕೊಂಡ. "ತಪ್ಪಾಯ್ತು ಬೋನಣ್ಣ. ಫೋನಾದರೆ ನಾನು ಒಂದು ಕೈ ನೋಡ್ತಿದ್ದೆ. ಇದು ನಿಮ್ಮ ಮನೆಯ ದೈವದ ಹಾಗೆ ಉಂಟು, ನಾನು ಮುಟ್ಟುವುದಿಲ್ಲ." ಪೆನ್‌ಡ್ರೈವ್ ಮೇಜಿನ ಮೇಲಿಟ್ಟು, ಏನು ಬೇಕಾದರೂ ಕರೆಯಿರಿ ಎಂದು ಇಳಿದು ಹೋದ.

ನಾನು ಫೋನಿನಲ್ಲಿ ಹುಡುಕಿ ಸಿಕ್ಕಿದ ಸಲಹೆಗಳನ್ನು ಗಟ್ಟಿಯಾಗಿ ಓದುವುದು. ಅವನು ಹೌದು, ಅಲ್ಲ ಎನ್ನುವುದು. ಇಂಟರ್ನೆಟ್ಟಿನಲ್ಲಿ ಪ್ರತಿಯೊಬ್ಬನೂ ಒಂದೊಂದು ಮದ್ದು ಹೇಳುತ್ತಾನೆ. ಬೋನನ ಕಣ್ಣು ಎಡಕ್ಕೆ, ಎಡಕ್ಕೆ, ಎಡಕ್ಕೆ. ಕೊನೆಗೊಂದಕ್ಕೆ ರೆಪ್ಪೆ ಮುಚ್ಚಿದ. ರೋಗ ಇದು: ಕರ್ನೆಲ್ ಎದ್ದೇಳುವಾಗ ಅದರ ಕೈಯಲ್ಲಿ ಒಂದು ಸಣ್ಣ ಕಟ್ಟು ಇರಬೇಕು. ಕತ್ತಲೆ ಕೋಣೆಯಲ್ಲಿ ಸ್ವಿಚ್ ಹುಡುಕಲು ಟಾರ್ಚ್ ಬೇಕಲ್ಲ, ಹಾಗೆ. ಆ ಕಟ್ಟು ತಯಾರಾಗುವ ಮೊದಲೇ ಕರೆಂಟು ಹೋಗಿತ್ತು. ಹೊಸ ಕರ್ನೆಲ್ ಬರಿಗೈಯಲ್ಲಿ ಎದ್ದು, ಡಿಸ್ಕಿನ ಬಾಗಿಲು ಕಾಣದೆ ಅಲ್ಲೇ ಬೀಳುತ್ತಿತ್ತು. ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಹೊರಗಿನಿಂದ ಡಿಸ್ಕನ್ನು ತೆರೆದು, ಅರ್ಧಕ್ಕೆ ನಿಂತ ಅಪ್‌ಡೇಟನ್ನು ಮುಗಿಸಿ, ಆ ಕಟ್ಟನ್ನು ಹೊಸದಾಗಿ ಕಟ್ಟಿಸಬೇಕು.

ಹೇಳುವುದು ಸುಲಭ. ಪ್ರತಿ ಆಜ್ಞೆಯನ್ನೂ ಅವನಿಗೆ ಓದಿ ಹೇಳಿ, ಅವನು ರೆಪ್ಪೆ ಮುಚ್ಚಿದ ಮೇಲೇ ಎಂಟರ್ ಒತ್ತುತ್ತಿದ್ದೆ. ಒಮ್ಮೆ ಮಾತ್ರ ಅವಸರ ಮಾಡಿ, ಡಿಸ್ಕಿನ ತಪ್ಪು ಭಾಗವನ್ನು ತೆರೆದೆ. ಪರದೆ ತುಂಬ ದೂರುಗಳು. ಬೋನ ಏನೋ ಹೇಳಬೇಕೆಂದು ಕಣ್ಣು ಮಿಟುಕಿಸಿದ. ನಾನು ಗಾಬರಿಯಿಂದ ಸಾಲು ಹೇಳತೊಡಗಿದೆ. ಪ ಸಾಲಿನ ಕೊನೆಯ ಅಕ್ಷರ. ಅದಕ್ಕೊಂದು ಸೊನ್ನೆ. ಆಮೇಲೆ ಕ ಸಾಲು, ಮೂರನೆಯದು.

"ಮ... ಮಂ... ಮಂಗ?"

ರೆಪ್ಪೆ ಮುಚ್ಚಿತು.

"ಥೂ, ಸಾಯ್ಲಿಕ್ಕೆ ಬಿದ್ದವನಿಗೆ ಇದೊಂದು ಕೇಡು!" ಎಂದು ನಾನು ನಕ್ಕೆ. ಅವನ ಕಣ್ಣೂ ನಕ್ಕಿತು. ಆ ಇಡೀ ದಿನದಲ್ಲಿ ನಕ್ಕದ್ದು ಅದೊಂದೇ ಸಲ.

ಸಂಜೆಯಾಗುವ ಮೊದಲೇ ಫೋನ್ ಬಂತು. ಊರಿನಲ್ಲಿ ರೋಸ್ ಶುರುವಾಗಿತ್ತು. ನನ್ನ ಮೊಬೈಲನ್ನು ಬೋನನ ಮುಖದ ಮುಂದೆ ಹಿಡಿದೆ. ಚಪ್ಪರದಡಿ ಕೂತ ಸೂಸನ್‌ಳ ಕೂದಲಿನಿಂದ ತೆಂಗಿನ ಹಾಲು ಇಳಿಯುತ್ತಿತ್ತು. ಹೆಂಗಸರು ವೊವಿಯೊ ಹೇಳುತ್ತಿದ್ದರು. ಅದು ಅವರ ಶೋಭಾನೆ ಹಾಡು. ಫ್ರೀಡಾಬಾಯಿ ಫೋನನ್ನು ಪಕ್ಕಕ್ಕೆ ತಂದು ದನಿ ತಗ್ಗಿಸಿದರು.

"ಮೋನಪ್ಪಣ್ಣ, ಆಯ್ತಾ?"

"ಆಗ್ತದೆ ಬಾಯಿ. ನಾಳೆಗೆ ಆಗ್ತದೆ."

"ಅವರು ಊಟ, ನಿದ್ದೆ...?"

"ಎಲ್ಲ ಸರಿ ಉಂಟು. ನೀವು ಮಗಳ ಹತ್ತಿರ ಹೋಗಿ."

ಸೂಸನ್ ಕೈ ಬೀಸಿದಳು. "ಪಪ್ಪಾ, ಟುಮಾರೋ, ಓಕೆ? ನಾನು ಕಾಯ್ತೇನೆ." ಬೋನ ರೆಪ್ಪೆ ಮುಚ್ಚಿದ. ಅವಳು ಅದನ್ನು ಕಂಡಳೋ ಇಲ್ಲವೋ, ಯಾರೋ ಮತ್ತೆ ಅವಳ ತಲೆಗೆ ಹಾಲು ಸುರಿದರು.

ಸೂರ್ಯ ಮುಳುಗಿ ಮಗ್ರಿಬಿನ ಬಾಂಗ್ ಕೇಳುವಾಗ ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಶುರು ಮಾಡಿದೆ. ಕಪ್ಪು ಪರದೆ. ಆಮೇಲೆ ಒಂದು ಚುಕ್ಕೆ. ಆಮೇಲೆ ಅವನ ನೀಲಿ ಪರದೆ, ಮೂಲೆಯಲ್ಲಿ ಅಕ್ಷರಗಳ ಕಿಟಕಿ, ಎಲ್ಲವೂ ಇದ್ದ ಹಾಗೆಯೇ. ನಾನು ಮಕ್ಕಳ ಹಾಗೆ ಕೂಗಿದೆ. ಅವನು ಕೂಗಿನ ಕಡೆ ನೋಡಲಿಲ್ಲ. ಪರದೆಯ ಕೆಳಗೆ ನೋಡುತ್ತಿದ್ದ. ಕ್ಯಾಮೆರಾದ ಕೆಂಪು ದೀಪ ಹತ್ತಿರಲಿಲ್ಲ.

ಯಂತ್ರ ಎದ್ದಿತ್ತು, ಆದರೆ ಅದಕ್ಕೆ ಅವನ ಕಣ್ಣು ಕಾಣುತ್ತಿರಲಿಲ್ಲ. ಆ ಕ್ಯಾಮೆರಾದ ಡ್ರೈವರನ್ನು ಹಳೆಯ ಕರ್ನೆಲ್‌ಗೆ ಹೊಂದುವಂತೆ ಅವನೇ ಕಟ್ಟಿಕೊಂಡಿದ್ದ. ಕರ್ನೆಲ್ ಬದಲಾದ್ದರಿಂದ ಅದನ್ನೂ ಮತ್ತೆ ಕಟ್ಟಬೇಕು.

ಅಷ್ಟರಲ್ಲಿ ಅಲೋಶಿಯಸ್ ಬಂದ. ಬೋನನ ಕಣ್ಣಿಗೆ ಸಣ್ಣ ಟಾರ್ಚ್ ಹಿಡಿದು ನೋಡಿದ.

"ರೆಪ್ಪೆ ನಡುಗ್ತಾ ಉಂಟು ಮೋನಪ್ಪಣ್ಣ. ಇವತ್ತು ಎಷ್ಟು ಸಲ ಮಿಟುಕಿಸಿದ್ದಾರೆ ಇವರು? ಅದೂ ಸ್ನಾಯುವೇ ಅಲ್ವಾ. ಸಾಕು."

ಬೋನನ ಕಣ್ಣು ಎಡಕ್ಕೆ.

"ಎಡಕ್ಕೆ ಬಲಕ್ಕೆ ಎಲ್ಲ ನನ್ನ ಹತ್ತಿರ ಬೇಡ ಬೋನಣ್ಣ. ಇಲ್ಲಿ ನಾನು ನರ್ಸ್, ನೀವು ಪೇಶಂಟ್," ಎಂದು ದೀಪ ಆರಿಸಿದ. ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ: "ಆ ಬೆಸಾಂವ್ ಬರೆದು ಇಟ್ಟಿದ್ದಾರಲ್ಲ? ಸ್ವರವೂ ಉಂಟು. ನಾಳೆ ನೀವೇ ಮೌಸಿನಲ್ಲಿ ಒತ್ತಿ ಬಿಡಿ. ಮಗಳಿಗೆ ಯಾರು ಒತ್ತಿದ್ದು ಅಂತ ಗೊತ್ತಾಗ್ತದಾ?"

ಬೆಳಿಗ್ಗೆ ಅದನ್ನೇ ಬೋನನಿಗೆ ಹೇಳಿದೆ. ಕಣ್ಣು ಎಡಕ್ಕೆ ಹೋಯಿತು. ಯಾಕೆ ಎಂದು ಕೇಳಿ ಸಾಲು ಹೇಳಿದೆ. ಅವನು ಎರಡೇ ಅಕ್ಷರ ಕೊಟ್ಟ: ನಾನು.

"ನೀನೇ ಹೇಳಬೇಕು?"

ರೆಪ್ಪೆ ಮುಚ್ಚಿತು.

"ಅದು ನಿನ್ನದೇ ಮಾತು, ನಿನ್ನದೇ ಸ್ವರ. ಬೆರಳು ಮಾತ್ರ ನನ್ನದು."

ಎಡಕ್ಕೆ.

ಬೇರೆಯವನ ಬೆರಳು ಒತ್ತಿದರೆ ಅದು ಮುದ್ರಿಸಿದ ಮಾತು, ತಂದೆ ಕೊಟ್ಟ ಬೆಸಾಂವ್ ಅಲ್ಲ ಎಂಬುದು ಅವನ ಲೆಕ್ಕವಿದ್ದೀತು. ಕೂತು ಡ್ರೈವರಿನ ಕೆಲಸ ಹಿಡಿದೆವು. ಒಂದು ಫೈಲ್ ಇಳಿಸಬೇಕು, ಕಟ್ಟಬೇಕು, ದೂರು ಬಂದರೆ ಇನ್ನೊಂದನ್ನು ಇಳಿಸಬೇಕು. ಈಗ ಅವನ ಹೌದು ನಿಧಾನವಾಗಿತ್ತು. ರೆಪ್ಪೆ ಅರ್ಧಕ್ಕೆ ನಿಂತಾಗ ಹೌದೋ ಆಯಾಸವೋ ತಿಳಿಯದೆ ಮತ್ತೆ ಕೇಳುತ್ತಿದ್ದೆ. ಮತ್ತೆ ಕೇಳಿದರೆ ಮತ್ತೆ ಮುಚ್ಚಬೇಕು. ಊರಿನಲ್ಲಿ ಹುಡುಗಿಗೆ ಸೀರೆ ಉಡಿಸುತ್ತಿದ್ದಾರೆ ಎಂದು ಫ್ರೀಡಾಬಾಯಿಯ ಮೆಸೇಜ್ ಬಂದ ಹೊತ್ತಿಗೆ ಕ್ಯಾಮೆರಾದ ಕೆಂಪು ದೀಪ ಹತ್ತಿತು.

ಆ ಕ್ಷಣ ನಾನು ಗೆದ್ದೆವು ಎಂದುಕೊಂಡೆ.

ಬಳಸುವ ಮೊದಲು ಕ್ಯಾಮೆರಾಗೆ ಕಣ್ಣಿನ ಗುರುತು ಹಿಡಿಸಬೇಕು. ಪರದೆಯ ಮೂಲೆಗಳಲ್ಲಿ ಒಂದೊಂದೇ ಚುಕ್ಕೆ ಬರುತ್ತದೆ, ಅದನ್ನು ಬಿಡದೆ ನೋಡಬೇಕು. ಬೋನ ಮೊದಲ ಚುಕ್ಕೆಯನ್ನು ನೋಡಿದ. ಎರಡನೆಯದಕ್ಕೆ ಹೊರಟ ಕಣ್ಣು ನಡುವೆಯೇ ಜಾರಿತು. ಯಂತ್ರ ಮೊದಲಿನಿಂದ ಶುರು ಮಾಡಿತು. ಮತ್ತೆ ಜಾರಿತು. ಅಲೋಶಿಯಸ್ ಡ್ಯೂಟಿಯ ನಡುವೆ ಓಡಿ ಬಂದು ಕಣ್ಣಿಗೆ ಹನಿ ಹಾಕಿ, ಹತ್ತಿ ಒತ್ತಿ, ಮುಚ್ಚಿ ಮಲಗಿಸಿದ. ಆಮೇಲೆ ಬೋನ ಹೇಗೋ ಕಷ್ಟಪಟ್ಟು ಕೊನೆಯ ಚುಕ್ಕೆಯವರೆಗೆ ನೋಡಿ ಮುಗಿಸಿದ. ನಿನ್ನೆಯಿಂದ ನಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟದ್ದು ಆ ಕಣ್ಣೇ. ಯಂತ್ರವನ್ನು ಎಬ್ಬಿಸಲು ಅದು ಖರ್ಚಾಗಿ ಹೋಗಿತ್ತು.

ಫೋನ್ ಬಂತು. ಈಗ ಪೆಟ್ಟಿಗೆಯಲ್ಲೇ ಕರೆ ತೆರೆಯಿತು. ಹೊಸ ಪ್ರೋಗ್ರಾಂ ಚೆನ್ನಾಗಿ ನಡೆಯಿತು. ಪರದೆಯ ಒಂದು ಬದಿಯಲ್ಲಿ ಸೂಸನ್, ಇನ್ನೊಂದು ಬದಿಯಲ್ಲಿ ಅಕ್ಷರಗಳು. ಅವಳು ಬಿಳಿಯ ಸೀರೆಯಲ್ಲಿದ್ದಳು. ಫ್ರೀಡಾಬಾಯಿ ಮೊದಲು ಬೆಸಾಂವ್ ಕೊಟ್ಟು, ಹಣೆಗೆ ಶಿಲುಬೆಯ ಗುರುತು ಹಾಕಿ, ಕಣ್ಣೊರೆಸಿಕೊಂಡು ಪಕ್ಕಕ್ಕೆ ನಿಂತರು. ಸೂಸನ್ ಫೋನಿನ ಕಡೆ ತಿರುಗಿ ಮಂಡಿಯೂರಿ ತಲೆ ಬಾಗಿಸಿದಳು. ಸುತ್ತ ಮನೆ ತುಂಬ ಜನ.

"ಬೆಸಾಂವ್ ದೀ ಪಪ್ಪಾ," ಎಂದಳು.

ಬರೆದಿಟ್ಟ ಬೆಸಾಂವ್ ಪರದೆಯ ಮೇಲಿನ ಮೂಲೆಯ ಒಂದು ಗುಂಡಿಯಲ್ಲಿತ್ತು. ಅವನು ಅದನ್ನು ನೋಡಬೇಕು, ನೋಡಿ ಅಲ್ಲೇ ನಿಲ್ಲಬೇಕು, ಅಷ್ಟೇ. ಅವನ ನೋಟದ ಜಾಗದಲ್ಲಿ ಒಂದು ಹಸಿರು ಚುಕ್ಕೆ ಕಾಣುತ್ತದೆ. ಆ ಚುಕ್ಕೆ ಮೇಲಕ್ಕೆ ಏರಿತು. ಗುಂಡಿಯ ಹತ್ತಿರ ಹೋಯಿತು. ನಡುಗಿ ಕೆಳಗೆ ಬಿತ್ತು. ಮತ್ತೆ ಏರಿತು. ನಾನು ಮೌಸಿನ ಮೇಲೆ ಕೈಯಿಟ್ಟು ಅವನನ್ನು ನೋಡಿದೆ. ಒತ್ತಲಾ ಎಂದು ಬಾಯಿಬಿಟ್ಟು ಕೇಳಲಿಲ್ಲ, ಆದರೂ ಅವನಿಗೆ ತಿಳಿಯಿತು. ಕಣ್ಣು ಎಡಕ್ಕೆ ಹೋಯಿತು. ನಾನು ಕೈ ತೆಗೆದೆ.

ಚುಕ್ಕೆ ಮತ್ತೆ ಏರಿತು. ಅರ್ಧಕ್ಕೆ ಸೋತು ಕೆಳಸಾಲಿಗೆ ಬಂದು ಅಲ್ಲೇ ನಿಂತಿತು. ಕೆಳಸಾಲಿನಲ್ಲಿದ್ದವು ದಿನಬಳಕೆಯ ಸಿದ್ಧ ಮಾತುಗಳು. ಪೆಟ್ಟಿಗೆ ಮಾತಾಡಿತು. ಮೂರು ವರ್ಷದ ಹಿಂದಿನ ಗಟ್ಟಿ ದನಿ, ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಕೇಳುವ ದನಿ:

"ಜೆವಾಣ್ ಜಾಲೆಂಗೀ?"

ಊಟ ಆಯಿತಾ ಎಂದು. ಮನೆಗೆ ಬಂದವರನ್ನೆಲ್ಲ ಕೇಳಲು ಇಟ್ಟುಕೊಂಡಿದ್ದ ಮಾತು.

ಸೂಸನ್ ತಲೆಯೆತ್ತಿದಳು. ಅಪ್ಪನ ಸ್ವರ ಕೇಳಿ ಅವಳ ಮುಖ ಪೂರ್ತಿ ಒಡೆದು ಹೋಯಿತು. ಅಳುತ್ತಲೇ ನಕ್ಕಳು.

"ಜಾಲೆಂ ಪಪ್ಪಾ. ಜಾಲೆಂ." ಆಯಿತು, ಆಯಿತು ಎಂದು.

ಚುಕ್ಕೆ ಮತ್ತೆ ಮೇಲಕ್ಕೆ ಹೊರಟಿತು. ಅವನು ಬಿಟ್ಟಿರಲಿಲ್ಲ. ಗುಂಡಿಯವರೆಗೆ ಹೋಗದೆ ಮತ್ತೆ ಕೆಳಗೆ ಬಿತ್ತು. "ಜೆವಾಣ್ ಜಾಲೆಂಗೀ?" ಎಂದಿತು ಪೆಟ್ಟಿಗೆ. ಅಲ್ಲಿ ಯಾರೋ ಬಿಕ್ಕಿದರು. ಮೂರನೆಯ ಸಲವೂ ಅದೇ ಪ್ರಶ್ನೆ, ಅವಳದೂ ಅದೇ ಉತ್ತರ. ಆಮೇಲೆ ಚುಕ್ಕೆಯೇ ಕಾಣಲಿಲ್ಲ. ಕಣ್ಣು ಮುಚ್ಚಿತ್ತು. ಇಗರ್ಜಿಗೆ ಹೊತ್ತಾಯಿತು ಎಂದು ಅಲ್ಲಿ ಒಬ್ಬ ಹಿರಿಯರು ಮೆಲ್ಲಗೆ ಹೇಳಿದರು. ಸೂಸನ್ ಪರದೆಗೆ ಮುತ್ತಿಟ್ಟು ಎದ್ದಳು.

ಫ್ರೀಡಾಬಾಯಿ ಮಂಗಳವಾರವೇ ಹಿಂತಿರುಗಿದರು. ಅಷ್ಟರಲ್ಲಿ ಅವನ ಎದೆಗೆ ಸೋಂಕು ಇಳಿದಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದ. ಪೆಟ್ಟಿಗೆಯನ್ನು ಅಲ್ಲಿಗೂ ಒಯ್ದಿದ್ದೆ. ಆದರೆ ಅವನ ಕಣ್ಣು ಯಾವ ಚುಕ್ಕೆಯನ್ನೂ ಹಿಡಿಯಲಿಲ್ಲ. ಹೌದು, ಅಲ್ಲ ಎರಡೂ ನಿಂತಿದ್ದವು. ಒಂದು ಬೆಳಿಗ್ಗೆ ಹೋದ. ಕಫೀಲ್ ಮುದುಕ ತಾನೇ ಓಡಾಡಿ ಕಾಗದಗಳನ್ನು ಮಾಡಿಸಿದ. ಬೋನ ಊರಿಗೆ ವಿಮಾನ ಹತ್ತಿದ. ಈ ಸಲ ಯಾವ ಡಾಕ್ಟರೂ ಬೇಡ ಎನ್ನಲಿಲ್ಲ.

ಇಲ್ಲಿಯ ಇಗರ್ಜಿಯಲ್ಲಿ ಅವನಿಗಾಗಿ ಪೂಜೆಯಾದ ದಿನ ಎಲ್ಲರೂ ಆ ಮಾತನ್ನೇ ಆಡಿದರು. ಮದುವೆಯ ಹುಡುಗಿಗೆ ಊಟ ಆಯಿತಾ ಎಂದು ಕೇಳಿದ, ಅದಕ್ಕಿಂತ ದೊಡ್ಡ ಬೆಸಾಂವ್ ಯಾವುದು ಎಂದರು. ನಾನು ತಲೆಯಾಡಿಸಿದೆ. ಮನಸ್ಸು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆ ಹಸಿರು ಚುಕ್ಕೆ ಎಲ್ಲಿಗೆ ಹೊರಟಿತ್ತೆಂದು ನಾನು ಕಂಡಿದ್ದೇನೆ. ಅವನಿಗೆ ಹೇಳಬೇಕಾಗಿದ್ದದ್ದು ಅದಲ್ಲ. ಹದಿನೈದು ದಿನ ಬರೆದು ಅಳಿಸಿದ್ದು ಬೇರೆ. ಅದನ್ನು ಅವನಿಗೆ ಹೇಳಲಾಗಲಿಲ್ಲ.

ಕಳೆದ ವಾರ ಸೂಸನ್ ಫೋನ್ ಮಾಡಿದಳು. ಪೆಟ್ಟಿಗೆ ನನ್ನ ಕೋಣೆಯಲ್ಲಿದೆ. ಇಲ್ಲಿಯ ಮನೆ ಖಾಲಿ ಮಾಡುವಾಗ ಫ್ರೀಡಾಬಾಯಿ ಕೊಟ್ಟು ಹೋದದ್ದು. ಗುಂಡಿ ಒತ್ತಿದರೆ ಈಗ ಒಂದೇ ಸಲಕ್ಕೆ ಏಳುತ್ತದೆ.

"ಅಂಕಲ್, ಅವರು ಬರೆದದ್ದನ್ನು ನೀವು ಓದಿದ್ರಾ?"

"ಇಲ್ಲ ಮಗಳೇ. ನಿನಗೆ ಕಳಿಸಲಾ?"

ಅವಳು ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

"ಈಗ ಬೇಡ. ಅದಲ್ಲ ಅಂಕಲ್, ನಾನು ಬೇರೆ ಹೇಳಬೇಕಿತ್ತು. ಯಾರಿಗೂ ಹೇಳಿಲ್ಲ, ಮಮ್ಮಿಗೂ ಹೇಳಿಲ್ಲ." ಅವಳ ದನಿ ಸಣ್ಣದಾಯಿತು. "ಅವರು ಮೂರು ಸಲ ಕೇಳಿದರು. ಮೂರು ಸಲವೂ ನಾನು ಜಾಲೆಂ ಅಂದೆ. ಐ ಹ್ಯಾಡಂಟ್ ಈಟನ್, ಅಂಕಲ್. ಬೆಳಿಗ್ಗೆಯಿಂದ ಅವರ ಸ್ವರ ಕೇಳಲಿಕ್ಕೆ ಕಾಯ್ತಾ ಏನೂ ತಿಂದಿರಲಿಲ್ಲ."